ಪ್ಲಾಸ್ಟರಿನ ಕೈಯೂ ಕೃಷ್ಣೆಯ ನೀರೂ

ನಮ್ಮ ಸೀಮೆಯ ಜನಕ್ಕೆ ಜಲಪ್ರಯಾಣವೆಂಬುದು ಎಂದೂ ವಿಹಾರದ ವಿಷಯವಾಗಿರಲಿಲ್ಲ. ಜಮಖಂಡಿ, ರಬಕವಿ-ಬನಹಟ್ಟಿ, ಬೀಳಗಿ ಭಾಗದ ಕೃಷ್ಣಾತೀರದವರಿಗೂ ಮುಧೋಳದ ಘಟಪ್ರಭೆಯ ದಂಡೆಯವರಿಗೂ ಹೊಳೆ ದಾಟುವುದು ಬಾಳಿನ ಅನಿವಾರ್ಯವಾಗಿತ್ತು. ಈಚೆಯ ದಂಡೆಯಲ್ಲಿ ಮನೆ, ಆಚೆಯ ದಂಡೆಯಲ್ಲಿ ಹೊಲ. ಈಚೆ ಸಂತೆ, ಆಚೆ ಬೀಗರ ಊರು. ಬಾಣಂತಿಯರು, ಹಸುಗೂಸುಗಳು, ಜ್ವರ ಬಂದವರು, ಕಾಲು ಮುರಿದವರು ಎಲ್ಲರೂ ಒಂದೇ ನಾವೆಯಲ್ಲಿ ಕುಳಿತು ದಾಟಿದವರೇ. ಕೈ ಮುರಿದ ಮಗುವನ್ನು ದೋಣಿಯಲ್ಲಿ ಕೂಡಿಸಬಹುದೇ ಎಂಬ ಪ್ರಶ್ನೆ ಅಂದು ಯಾರ ಬಾಯಲ್ಲೂ ಬರುತ್ತಿರಲಿಲ್ಲ; ದವಾಖಾನೆ ಆಚೆಯ ದಂಡೆಯಲ್ಲಿದ್ದರೆ ಕೂಡಿಸಲೇಬೇಕಾಗಿತ್ತು. ಈಗ ಮನೆಮಂದಿಯೆಲ್ಲ ಕೂಡಿ ನೀರಿನ ಮೇಲೆ ಹೋಗುವುದು ಸಂತೋಷಕ್ಕಾಗಿ. ಸಂತೋಷಕ್ಕೆ ಹೊರಟಾಗ ಮಾತ್ರ ಈ ಪ್ರಶ್ನೆ ಏಳುತ್ತದೆ. ನಮ್ಮ ಮನೆಯಲ್ಲಿ ಅದು ಎದ್ದದ್ದು 2024ರ ದಸರೆಯ ರಜೆಯಲ್ಲಿ.

ಮುಂಬಯಿಯಲ್ಲಿರುವ ಮಗಳು ಹಡಗಿನ ಪ್ರವಾಸಕ್ಕೆ ಕರೆದಿದ್ದಳು. 2021ರ ಸೆಪ್ಟೆಂಬರಿನಿಂದ ಮುಂಬಯಿ ಬಂದರಿನಿಂದ ಗೋವೆಯ ಕಡೆಗೂ ಲಕ್ಷದ್ವೀಪದ ಕಡೆಗೂ ‘ಎಂಪ್ರೆಸ್’ ಎಂಬ ದೊಡ್ಡ ಹಡಗು ಯಾತ್ರಿಕರನ್ನು ವಿಹಾರಕ್ಕೆ ಕರೆದೊಯ್ಯತೊಡಗಿದ ಮೇಲೆ ಇಂಥ ಪ್ರವಾಸ ಮಧ್ಯಮ ವರ್ಗದ ಮನೆಗಳ ಮಾತಾಗಿದೆ. ಒಂಬತ್ತು ವರ್ಷದ ಮೊಮ್ಮಗನು ಆ ಹಡಗಿನ ಚಿತ್ರವನ್ನು ಪಾಟಿಯ ಮೇಲೆ, ಗೋಡೆಯ ಮೇಲೆ, ನನ್ನ ಪಂಚಾಂಗದ ರಕ್ಷಾಪುಟದ ಮೇಲೆ ಬರೆದು ಮುಗಿಸಿದ್ದ. ಸೆಪ್ಟೆಂಬರ್ ಕೊನೆಯ ವಾರ ಬನಹಟ್ಟಿಯ ನಮ್ಮ ಓಣಿಯಲ್ಲಿ ಸೈಕಲ್ಲಿನಿಂದ ಬಿದ್ದು ಬಲಗೈಯ ಮುಂಗೈ ಎಲುಬು ಮುರಿದುಕೊಂಡ. ಜಮಖಂಡಿಯ ಎಲುಬಿನ ಡಾಕ್ಟರರು ಎಲುಬನ್ನು ಸರಿಯಾಗಿ ಕೂಡಿಸಿ, ಮೊಳಕೈಯ ಮೇಲಿನವರೆಗೆ ಪ್ಲಾಸ್ಟರ್ ಹಾಕಿದರು. ನಮ್ಮ ಜನ ಇದನ್ನು ಇಂದಿಗೂ ಸಿಮೆಂಟ್ ಪಟ್ಟಿ ಎನ್ನುತ್ತಾರೆ.

ಹಡಗು ಹತ್ತಬಹುದೇ ಎಂದು ಕೇಳಿದ್ದಕ್ಕೆ ಡಾಕ್ಟರರು ತಟ್ಟನೆ ಬೇಡವೆನ್ನಲಿಲ್ಲ. ಪ್ಲಾಸ್ಟರ್ ಇದ್ದ ಮಾತ್ರಕ್ಕೆ ಪ್ರಯಾಣ ನಿಷಿದ್ಧವಲ್ಲ. ದೊಡ್ಡ ಹಡಗುಗಳಲ್ಲಿ ವೈದ್ಯರೂ ಇರುತ್ತಾರೆ. ಆದರೆ ಬೆಳೆಯುವ ಮಕ್ಕಳ ಎಲುಬು ಕೂಡಿಸಿದ ಮೇಲೂ ಮೊದಲ ಎರಡು ವಾರಗಳಲ್ಲಿ ಜಾರುವ ಸಂಭವವುಂಟು. ಬಾವು ಇಳಿದಂತೆ ಪ್ಲಾಸ್ಟರ್ ಸಡಿಲಾಗುತ್ತದೆ. ಆದ್ದರಿಂದ ಒಂದು ವಾರಕ್ಕೊಮ್ಮೆ, ಎರಡು ವಾರಕ್ಕೊಮ್ಮೆ ಎಕ್ಸ್-ರೇ ತೆಗೆದು ನೋಡಬೇಕು. ಎರಡನೆಯ ಎಕ್ಸ್-ರೇ ದಿನವೂ ಹಡಗಿನ ದಿನವೂ ಒಂದೇ ಆಗಿದ್ದವು. ಹಡಗು ತನ್ನ ಹೊತ್ತಿಗೆ ಹೋಗುವುದು, ಎಲುಬು ತನ್ನ ಹೊತ್ತಿಗೆ ಕೂಡುವುದು. ಎರಡರಲ್ಲಿ ಯಾವುದನ್ನು ಬಿಡಬೇಕೆಂಬುದರಲ್ಲಿ ವಿಚಾರಿಸುವಂಥದೇನೂ ಇರಲಿಲ್ಲ. ಮಗುವಿಗೆ ಮಾತ್ರ ಇದು ಒಪ್ಪಿಗೆಯಾಗಲಿಲ್ಲ. “ಮುತ್ಯಾ, ಕೈ ಮುರದರ ನೀರಮ್ಯಾಲ ಹೋಗಬಾರದಂತ ಎಲ್ಲಿ ಬರದೈತಿ?” ಎಂದು ಕೇಳಿದ. ಎಲ್ಲಿಯೂ ಬರೆದಿಲ್ಲವೆಂಬುದು ನಿಜವೇ. ಎರಡನೆಯ ಎಕ್ಸ್-ರೇಯಲ್ಲಿ ಎಲುಬು ಅಲುಗದೆ ನಿಂತಿದೆಯೆಂದು ಡಾಕ್ಟರರು ಹೇಳಿದರೆ, ದಸರೆಯ ಬನ್ನಿ ಮುಗಿದ ಮೇಲೆ ನಮ್ಮ ಹೊಳೆಯಲ್ಲಿಯೇ ಕರೆದೊಯ್ಯುವುದಾಗಿ ನಾನು ಮಾತು ಕೊಟ್ಟೆ. ನನ್ನ ಸೊಸೆ ಒಳಗಿನಿಂದ ಕೇಳಿಸಿಕೊಂಡು ಸುಮ್ಮನಾದಳು. ಆ ಮೌನದ ಕಾರಣ ಮುಂದೆ ಬರುತ್ತದೆ.

ಪ್ಲಾಸ್ಟರ್ ವಿಷಯದಲ್ಲಿ ನಾಲ್ಕು ಮಾತು ಹೇಳದೆ ಮುಂದೆ ಹೋಗುವಂತಿಲ್ಲ. ಜಿಪ್ಸಂ ಎಂಬ ಖನಿಜವನ್ನು ಕಾಯಿಸಿ ನೀರಿನಂಶ ಕಳೆದರೆ ಬರುವ ಪುಡಿಯೇ ಪ್ಲಾಸ್ಟರ್ ಆಫ್ ಪ್ಯಾರಿಸ್. ಅದನ್ನು ಬಟ್ಟೆಯ ಪಟ್ಟಿಗೆ ಹಚ್ಚಿಟ್ಟು, ಬೇಕಾದಾಗ ತೋಯಿಸಿ ಸುತ್ತುವ ಕ್ರಮವನ್ನು ಹಾಲೆಂಡ್ ದೇಶದ ಸೇನಾವೈದ್ಯ ಆಂಟೋನಿಯಸ್ ಮಥೈಸನ್ 1852ರಲ್ಲಿ ಪ್ರಕಟಿಸಿದ. ಒಮ್ಮೆ ಗಟ್ಟಿಯಾದ ಪ್ಲಾಸ್ಟರ್ ಮತ್ತೆ ತೊಯ್ದರೆ ಮೆತ್ತಗಾಗಿ ಆಕಾರ ಕಳೆದುಕೊಳ್ಳುತ್ತದೆ, ಭಾರವಾಗುತ್ತದೆ, ಒಳಗಿನ ಹತ್ತಿ ಹಸಿಯಾಗಿ ಉಳಿದು ಚರ್ಮ ಕೊಳೆಯುತ್ತದೆ. ಈಚಿನ ಫೈಬರ್ ಪಟ್ಟಿ ಹಗುರ, ಅದರ ಹೊರಮೈಗೆ ನೀರಿನ ಭಯವಿಲ್ಲ. ಆದರೆ ಒಳಗಿರುವುದು ಸಾಮಾನ್ಯವಾಗಿ ಅದೇ ಹತ್ತಿಯಾದ್ದರಿಂದ ಅದನ್ನೂ ಹೊಳೆಯಲ್ಲಿ ಅದ್ದುವಂತಿಲ್ಲ.

ಮಠದ ಪಾಠಶಾಲೆಯಲ್ಲಿ ಸಂಸ್ಕೃತ ಕಲಿತ ನಮ್ಮಂಥವರಿಗೆ ಇಲ್ಲಿ ಸುಶ್ರುತನ ನೆನಪಾಗದಿರದು. ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಭಗ್ನಚಿಕಿತ್ಸೆಗೆಂದೇ ಒಂದು ಅಧ್ಯಾಯವಿದೆ. ಆಲ, ಅರಳಿ, ಅತ್ತಿ, ಮುತ್ತುಗ ಮೊದಲಾದ ಮರಗಳ ತೊಗಟೆ ಹಾಗೂ ಬಿದಿರಿನ ದಬ್ಬೆಗಳಿಂದ ಕಟ್ಟು ಕಟ್ಟಬೇಕೆಂದು ಅಲ್ಲಿ ಹೇಳಿದೆ. ಕಟ್ಟು ಸಡಿಲಾದರೆ ಸಂಧಿ ಗಟ್ಟಿಯಾಗಿ ನಿಲ್ಲದು, ಬಿಗಿಯಾದರೆ ಬಾವು, ನೋವು, ಕೀವು ಉಂಟಾಗುವವು ಎಂಬ ಎಚ್ಚರಿಕೆಯೂ ಇದೆ. ಬೇಸಿಗೆಯಲ್ಲಿ ಮೂರು ದಿನಕ್ಕೆ, ಸಮಶೀತೋಷ್ಣದಲ್ಲಿ ಐದು ದಿನಕ್ಕೆ, ಚಳಿಯಲ್ಲಿ ಏಳು ದಿನಕ್ಕೆ ಕಟ್ಟು ಬಿಚ್ಚಿ ನೋಡಬೇಕು. ಎಳೆಯ ವಯಸ್ಸಿನಲ್ಲಿ ಒಂದು ತಿಂಗಳಿಗೆ ಕೂಡುವ ಎಲುಬು ನಡುವಯಸ್ಸಿನಲ್ಲಿ ಎರಡು, ಮುಪ್ಪಿನಲ್ಲಿ ಮೂರು ತಿಂಗಳು ತೆಗೆದುಕೊಳ್ಳುವುದೆಂದೂ ಆ ಆಚಾರ್ಯನು ಬರೆದಿದ್ದಾನೆ. ಜಮಖಂಡಿಯ ಡಾಕ್ಟರರು ಹೇಳಿದ ಅವಧಿ ಆರು ವಾರ. ಹಳೆಯ ಲೆಕ್ಕಕ್ಕೂ ಹೊಸ ಲೆಕ್ಕಕ್ಕೂ ಬಹಳ ದೂರವಿಲ್ಲ. ನಮ್ಮ ಹಳ್ಳಿಗಳಲ್ಲಿ ಎಲುಬು ಕಟ್ಟುವ ನಾಟಿ ವೈದ್ಯರ ಮೇಲೆ ಜನರಿಗೆ ಬಹಳ ನಂಬಿಗೆ. ನಂಬಿಗೆಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಮಗುವಿನ ಬೆರಳು ನೀಲಿಗಟ್ಟಿ ತಣ್ಣಗಾದರೂ, ಜೋಮು ಹಿಡಿದರೂ, ಬೆರಳನ್ನು ನೀಡಿಸಿದಾಗ ಮಗು ಚೀರಿದರೂ ಕಟ್ಟನ್ನು ಬಿಚ್ಚದೆ ‘ಎಲುಬು ಕೂಡಾಕತ್ತೈತಿ’ ಎನ್ನುವವರಿದ್ದರೆ ಅಲ್ಲಿಂದ ಒಂದು ಗಳಿಗೆಯೂ ತಡಮಾಡದೆ ಏಳಬೇಕು. ರಕ್ತ ಹರಿಯದ ಕೈ ಕೆಲವೇ ತಾಸುಗಳಲ್ಲಿ ಕೆಡುತ್ತದೆ. ಬಿಗಿಯ ವಿಷಯದಲ್ಲಿ ಸುಶ್ರುತನೂ ಇಂದಿನ ಡಾಕ್ಟರರೂ ಒಂದೇ ಪಕ್ಷದವರು.

ಅಕ್ಟೋಬರ್ 12ರಂದು ವಿಜಯದಶಮಿ. ಅದಕ್ಕೂ ಎರಡು ದಿನ ಮೊದಲೇ ಎಕ್ಸ್-ರೇ ಆಗಿ, ಎಲುಬು ಸರಿಯಾಗಿದೆಯೆಂದು ತಿಳಿದಿತ್ತು. 14ರ ಬೆಳಗ್ಗೆ ಮೊದಲ ಪ್ರಯಾಣ ರಬಕವಿಯ ದಂಡೆಯಿಂದ ಮಹಿಷವಾಡಗಿಗೆ. ಮಹಿಷವಾಡಗಿ ಅಥಣಿ ತಾಲೂಕಿನ ಊರು. ನಡುವೆ ಹರಿಯುವ ಕೃಷ್ಣೆಯೇ ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳ ಗಡಿ. ಮಳೆಗಾಲ ಕಳೆದ ಹೊಳೆ ದಂಡೆ ತುಂಬಿ ಕೆಂಪು ಬಿಟ್ಟು ಹಸಿರಿಗೆ ತಿರುಗುತ್ತಿತ್ತು. ಪಕ್ಕದಲ್ಲಿ ಸೇತುವೆಯ ಕಂಬಗಳು ಎದ್ದು ನಿಂತಿದ್ದವು. ಜನ ಮಾತ್ರ ಯಂತ್ರದ ದೋಣಿಯಲ್ಲಿಯೇ ದಾಟುತ್ತಿದ್ದರು. ಹಾಲಿನ ಕ್ಯಾನು, ಸೀರೆಯ ಗಂಟು, ಮೋಟಾರ್ ಸೈಕಲ್ಲು, ಬನ್ನಿ ಕೊಡಲು ಹೊರಟ ಹೊಸ ಅಳಿಯ, ಎಲ್ಲವೂ ಎಲ್ಲರೂ ಒಂದೇ ಹಲಗೆಯ ಮೇಲೆ.

ಮಗನು ಹುಬ್ಬಳ್ಳಿಯಿಂದ ಮಕ್ಕಳ ಅಳತೆಯ ಜೀವರಕ್ಷಕ ಜಾಕೀಟು ತರಿಸಿದ್ದ. ಅದನ್ನು ಹಿಂದಿನ ರಾತ್ರಿ ಮನೆಯಲ್ಲಿಯೇ ತೊಡಿಸಿ ನೋಡಿದ್ದು ಉಪಯುಕ್ತವಾಯಿತು. ಪ್ಲಾಸ್ಟರ್ ಹಾಕಿದ ಕೈ ಮೊಳಕೈಯಲ್ಲಿ ಬಾಗಿರುವುದರಿಂದ ತೋಳುಕಂಡಿಯಲ್ಲಿ ಸಲೀಸಾಗಿ ಹೋಗದು. ಮೊದಲು ಪಟ್ಟಿಯ ಕೈ, ಆಮೇಲೆ ಸರಿಯಾದ ಕೈ ಎಂಬ ಕ್ರಮದಲ್ಲಿ ತೊಡಿಸಬೇಕು. ಕೈಯನ್ನು ಜಾಕೀಟಿನ ಒಳಗೆ ಎದೆಗೆ ಕಟ್ಟಿಬಿಟ್ಟರೆ ಸುರಕ್ಷಿತವೆಂದು ನಮ್ಮ ಮನೆಯವರು ಹೇಳಿದರು. ಡಾಕ್ಟರರನ್ನು ಫೋನಿನಲ್ಲಿ ಕೇಳಲಾಗಿ ಅವರು ಬೇಡವೆಂದರು. ದಂಡೆಯ ಮೇಲೆ ಕೊರಳಜೋಳಿಗೆ ಇರಲಿ, ದೋಣಿಯಲ್ಲಿ ಅದನ್ನು ತೆಗೆಯಿರಿ. ನೀರಿಗೆ ಬಿದ್ದರೆ ಕಟ್ಟಿದ ಕೈ ಮಗುವನ್ನು ಮಗುಚುತ್ತದೆ, ಬಿಟ್ಟ ಕೈ ಅಷ್ಟಿಷ್ಟು ಆಡುತ್ತದೆ ಎಂಬುದು ಅವರ ವಿವರಣೆ. ಪ್ಲಾಸ್ಟರಿನ ಮೇಲೆ ಹರಿಯದ ಪ್ಲಾಸ್ಟಿಕ್ ಚೀಲ ತೊಡಿಸಿ ತೋಳಿನ ಹತ್ತಿರ ಮೆತ್ತಗೆ ಪಟ್ಟಿ ಸುತ್ತಿದೆವು. ದಾರ ಕಟ್ಟಬಾರದು. ಇದು ಸಿಡಿಯುವ ಹನಿಗಳಿಗೆ ಸಾಕು, ಮುಳುಗುವ ನೀರಿಗೆ ಸಾಲದು. ನಾನು ಚಿಕ್ಕವನಿದ್ದಾಗ ಈಜು ಕಲಿಯಲು ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಕೊಂಡು ಹೊಳೆಗಿಳಿಯುತ್ತಿದ್ದೆವು. ಆ ಬುರುಡೆಯೇ ನಮ್ಮ ಜಾಕೀಟು. ಬುರುಡೆ ಬೇಡವೆಂದು ನಗುವವರು ಅಂದೂ ಇದ್ದರು, ಜಾಕೀಟು ಬೇಡವೆಂದು ನಗುವವರು ಇಂದೂ ಇದ್ದಾರೆ.

ನಗುವವರಿಗೆ ಎರಡು ದಿನಗಳನ್ನು ನೆನಪಿಸಬೇಕು. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ ವಿಹಾರದ ದೋಣಿ ಮಗುಚಿ 22 ಜನ ತೀರಿಕೊಂಡರು. ಅವರಲ್ಲಿ ಮಕ್ಕಳೇ ಬಹಳ. 2024ರ ಜನವರಿ 18ರಂದು ವಡೋದರದ ಹರಣಿ ಕೆರೆಯಲ್ಲಿ ಶಾಲೆಯ ಪ್ರವಾಸದ 12 ಮಕ್ಕಳೂ ಇಬ್ಬರು ಶಿಕ್ಷಕಿಯರೂ ಮುಳುಗಿದರು. ಎರಡು ಕಡೆಯೂ ದೋಣಿ ತಾಳುವುದಕ್ಕಿಂತ ಹೆಚ್ಚು ಜನರನ್ನು ಹತ್ತಿಸಿದ್ದರು. ಎರಡೂ ಕೈ ಗಟ್ಟಿಯಿದ್ದ ಮಕ್ಕಳ ಗತಿಯೇ ಹೀಗಾದ ಮೇಲೆ ಒಂದು ಕೈಯ ಮಗುವಿನ ಮಾತೇನು? ಆದುದರಿಂದ ರಬಕವಿಯ ದಂಡೆಯಲ್ಲಿ ಜನ ತುಂಬಿ ಹೊರಟ ಮೊದಲ ದೋಣಿಯನ್ನು ಬಿಟ್ಟು ಎರಡನೆಯದಕ್ಕೆ ಕಾದೆವು.

ದೋಣಿ ನಡೆಸುವ ಹಿರಿಯನು ಮಗುವಿನ ಕೈ ನೋಡಿ, “ಅಜ್ಜಾರ, ಹುಡುಗನ್ನ ನಡುವ ಕುಂಡ್ರಸ್ರಿ. ಪಟ್ಟಿ ಕೈ ಅವ್ವನ ಕಡೆ ಇರ್ಲಿ, ಗಾಡಿ ಕಡೆ ಬ್ಯಾಡ” ಎಂದ. ಡಾಕ್ಟರರು ಹೇಳದೆ ಬಿಟ್ಟ ಮಾತು ಇದು. ದೋಣಿ ಅಲುಗಾಡಿದಾಗ ಮೋಟಾರ್ ಸೈಕಲ್ಲಿನ ಹಿಡಿಕೆ ಎಲ್ಲಿ ಬಡಿಯುವುದೆಂಬುದು ದಿನಕ್ಕೆ ಹತ್ತು ಸಲ ದಾಟುವವನಿಗೆ ಮಾತ್ರ ಗೊತ್ತು. ಹನ್ನೆರಡನೆಯ ಶತಮಾನದ ಶರಣರಲ್ಲಿ ಅಂಬಿಗರ ಚೌಡಯ್ಯನೆಂಬ ನಿಷ್ಠುರವಾದಿ ಈ ಕಾಯಕದವನೇ. ಮುಲಾಜಿಲ್ಲದೆ ಮಾತಾಡುವುದು ಹುಟ್ಟು ಹಾಕುವವರ ಸ್ವಭಾವವೇನೋ. ಆತನ ಮಾತಿನಂತೆ ಕೂಡಿಸಿದೆವು. ಸೊಸೆ ಆಚೆಯ ದಂಡೆ ಮುಟ್ಟುವವರೆಗೆ ಮಗನ ಜಾಕೀಟಿನ ಪಟ್ಟಿಯನ್ನು ಬಿಡಲಿಲ್ಲ, ನೀರನ್ನೂ ನೋಡಲಿಲ್ಲ. ಹುಡುಗನಿಗೆ ಜಿಲ್ಲೆ ದಾಟಿದ್ದೇ ದೇಶ ದಾಟಿದಂತಾಗಿತ್ತು. ಮಹಿಷವಾಡಗಿಯಲ್ಲಿ ಚಹ ಕುಡಿದು ಮರಳಿದೆವು. ಮನೆಗೆ ಬಂದವನೇ ಎಡಗೈಯಿಂದ ಸೊಟ್ಟಸೊಟ್ಟಾಗಿ ಪ್ಲಾಸ್ಟರಿನ ಮೇಲೆ ‘ರಬಕವಿ’ ಎಂದು ಬರೆದುಕೊಂಡ.

ಮರುದಿನ ಕಾರಿನಲ್ಲಿ ಹೊರಟೆವು. ಜಮಖಂಡಿಯಿಂದ ಕೂಡಲಸಂಗಮದವರೆಗೆ ನೀರಿನಲ್ಲಿಯೇ ಹೋಗಬಹುದೇ ಎಂದು ಮೊಮ್ಮಗನ ಪ್ರಶ್ನೆ. ನಮ್ಮ ಕೃಷ್ಣೆ ಈಗ ಮೆಟ್ಟಿಲು ಮೆಟ್ಟಿಲಾಗಿ ನಿಂತ ಹೊಳೆ. ಹಿಪ್ಪರಗಿ, ಚಿಕ್ಕಪಡಸಲಗಿ, ಗಲಗಲಿ, ಆಮೇಲೆ ಆಲಮಟ್ಟಿ, ಅದರಾಚೆ ನಾರಾಯಣಪುರ. ಒಂದು ಮೆಟ್ಟಿಲಿನ ದೋಣಿ ಇನ್ನೊಂದು ಮೆಟ್ಟಿಲಿಗೆ ಇಳಿಯಲಾರದು.

ಚಿಕ್ಕಪಡಸಲಗಿಯಲ್ಲಿ ಕಾರು ನಿಲ್ಲಿಸಿದ್ದು ಹುಡುಗನಿಗಾಗಿ ಅಲ್ಲ, ನನಗಾಗಿ. 1989ರಲ್ಲಿ ಕೃಷ್ಣಾತೀರದ ರೈತರು ಸರಕಾರದ ದಾರಿ ಕಾಯದೆ ತಮ್ಮದೇ ಹಣ, ತಮ್ಮದೇ ದುಡಿಮೆ ಹಾಕಿ ಕಟ್ಟಿದ ಬ್ಯಾರೇಜು ಇದು. ‘ಶ್ರಮಬಿಂದು ಸಾಗರ’ವೆಂದು ಹೆಸರು. ಮುಂದಾಳು ಸಿದ್ದು ನ್ಯಾಮಗೌಡರು. ಇದರ ಕೀರ್ತಿಯೇ ಅವರನ್ನು 1991ರ ಲೋಕಸಭಾ ಚುನಾವಣೆಯಲ್ಲಿ ರಾಮಕೃಷ್ಣ ಹೆಗಡೆಯವರಂಥ ಮುತ್ಸದ್ದಿಯ ಎದುರಿಗೆ ಗೆಲ್ಲಿಸಿತು. 2018ರ ಮೇ ತಿಂಗಳಲ್ಲಿ ಅವರು ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಬ್ಯಾರೇಜಿಗಿಂತ ಮೊದಲು ಬೇಸಿಗೆಯ ಕೃಷ್ಣೆಯೆಂದರೆ ಮರಳು. ಒರತಿ ತೋಡಿ ಕೊಡ ತುಂಬಿಸಿಕೊಳ್ಳುತ್ತಿದ್ದುದನ್ನು ಕಂಡವನು ನಾನು. ಸೊಂಟದುದ್ದ ಕಬ್ಬು ನೋಡಿಯೇ ಬೆಳೆದ ಹುಡುಗನಿಗೆ ಆ ಮರಳನ್ನು ಹೇಗೆ ತೋರಿಸುವುದು? ಅವನ ಗಮನವೆಲ್ಲ ತುರಿಕೆಯ ಮೇಲಿತ್ತು. ಪ್ಲಾಸ್ಟರಿನೊಳಗಿನ ತುರಿಕೆ ದೊಡ್ಡವರನ್ನೇ ಹುಚ್ಚರನ್ನಾಗಿಸುವಂಥದು. ಅಳತೆಪಟ್ಟಿ, ಹೆಣಿಕೆಯ ಸೂಜಿ, ಜೋಳದ ದಂಟು, ಸಿಕ್ಕಿದ್ದನ್ನು ಒಳಗೆ ತೂರಿಸುವುದು ಮಕ್ಕಳ ಸಹಜ ಬುದ್ಧಿ. ಒಳಗೆ ಗೀರು ಬಿದ್ದರೆ ಕಣ್ಣಿಗೆ ಕಾಣದೆ ಕೀವಾಗುತ್ತದೆ. ಹೊರಗಿನಿಂದ ಬೆರಳಿನಿಂದ ಟಕಟಕ ಬಡಿಯುವುದು, ತಣ್ಣನೆಯ ಗಾಳಿ ಊದುವುದು, ಇವೆರಡೇ ಡಾಕ್ಟರರು ಒಪ್ಪಿದ ಉಪಾಯ. ಕಾರಿನಲ್ಲಿ ಇಡೀ ದಿನ ನಮ್ಮ ಮನೆಯವರು ಅವನ ಕೈಯ ಮೇಲೆ ತಬಲಾ ಬಾರಿಸಿದರು.

ಗಲಗಲಿಯನ್ನು ಬಳಸಿ ಬೀಳಗಿ ತಾಲೂಕಿನ ಹಿನ್ನೀರಿನ ದಂಡೆಗೆ ಬಂದಾಗ ಸೊಸೆಯೇ ಕಾರು ನಿಲ್ಲಿಸಲು ಹೇಳಿದಳು. ಅವಳ ತವರು ಈ ನೀರಿನ ಕೆಳಗಿದೆ. ಆಲಮಟ್ಟಿಯ ಅಣೆಕಟ್ಟಿಗೆ ಲಾಲ್ ಬಹಾದ್ದೂರ್ ಶಾಸ್ತ್ರಿಯವರು 1964ರ ಮೇ 22ರಂದು ಅಡಿಗಲ್ಲು ಹಾಕಿದರು. ನೀರು ನಿಂತು, ಊರುಗಳು ಎದ್ದು, ಪುನರ್ವಸತಿ ಕೇಂದ್ರಗಳೆಂಬ ಸರಳರೇಖೆಯ ಓಣಿಗಳಲ್ಲಿ ಮತ್ತೆ ಕೂಡುವಷ್ಟರಲ್ಲಿ ನಾಲ್ಕು ದಶಕಗಳು ಸಂದವು. ಹಳೆಯ ಬಾಗಲಕೋಟೆಯ ಬಹುಭಾಗವೂ ಹೋಯಿತು. ಘಟಪ್ರಭೆ ಕೃಷ್ಣೆಯನ್ನು ಕೂಡುವ ಚಿಕ್ಕಸಂಗಮವೂ ಹಿನ್ನೀರಿನ ಪಾಲು. ಸೊಸೆಗೆ ಆಗ ಹದಿನಾಲ್ಕು ವರ್ಷವಂತೆ. ಮನೆಯ ತೊಲೆ, ಬಾಗಿಲು, ಬೀಸುವ ಕಲ್ಲುಗಳನ್ನು ಟ್ರ್ಯಾಕ್ಟರಿನಲ್ಲಿ ಹೇರಿದ ಮೇಲೆ ಅವಳ ತಾಯಿ ತಿರುಗಿ ಹೋಗಿ ಖಾಲಿ ಮನೆಯ ಕಟ್ಟೆಯನ್ನು ಸಾರಿಸಿ ಬಂದಳಂತೆ. ಇದನ್ನು ಅವಳು ಮಗನಿಗೆ ಹೇಳಿದ್ದು ಅಂದೇ ಮೊದಲು, ನನಗೂ ಮೊದಲೇ. “ಮಾವಾರ, ನೀರ ಅಂದ್ರ ನನಗ ಹೆದರಿಕಿ ಅಲ್ರಿ, ಸಿಟ್ಟು” ಎಂದಳು. ಇಪ್ಪತ್ತು ವರ್ಷಗಳಿಂದ ನಮ್ಮ ಭಾಗ ನೀರಾವರಿಯ ಸುಖದಲ್ಲಿದೆ. ಆ ಸುಖದ ಬೆಲೆ ಕೊಟ್ಟವರ ಮಗಳು ನನ್ನ ಮನೆಯಲ್ಲಿಯೇ ಹದಿಮೂರು ವರ್ಷಗಳಿಂದ ರೊಟ್ಟಿ ತಟ್ಟುತ್ತಿದ್ದಾಳೆ. ಹುಡುಗ ಬಹಳ ಹೊತ್ತು ನೀರು ನೋಡಿ, “ಅವ್ವಾ, ನಿಮ್ಮ ಸಾಲಿನೂ ಕೆಳಗ ಐತೇನು?” ಎಂದು ಕೇಳಿದ. ಇದೆಯೆಂದು ತಲೆಯಾಡಿಸಿದಳು.

ಕೊರ್ತಿ-ಕೊಲ್ಹಾರದ ಉದ್ದನೆಯ ಸೇತುವೆ ದಾಟಿ ನಿಡಗುಂದಿಯ ಮೇಲಿಂದ ಆಲಮಟ್ಟಿ ಮುಟ್ಟುವಾಗ ಇಳಿಹೊತ್ತು. 2006ರ ಆಗಸ್ಟ್ 21ರಂದು ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ರಾಷ್ಟ್ರಕ್ಕೆ ಅರ್ಪಿಸಿದ ಈ ಜಲಾಶಯದಲ್ಲಿ 519.60 ಮೀಟರ್ ಮಟ್ಟದವರೆಗೆ ನೀರು ನಿಲ್ಲಿಸುತ್ತಾರೆ, 524.256 ಮೀಟರಿಗೆ ಏರಿಸುವ ಮಾತು ಬಹುಕಾಲದಿಂದ ನಡೆದಿದೆ. ಆ ನಾಲ್ಕೂವರೆ ಮೀಟರಿನಲ್ಲಿ ಇನ್ನೆಷ್ಟು ಕಟ್ಟೆಗಳಿವೆಯೋ ಎಂದು ಸೊಸೆಯ ಮಾತು ಕೇಳಿದ ಮೇಲೆ ನನಗೆ ಅನ್ನಿಸಿತು. ಅಲ್ಲಿಯ ಉದ್ಯಾನದ ಕೊಳದಲ್ಲಿ ದೋಣಿವಿಹಾರವಿದೆ. ನಿಂತ ನೀರು, ಚಿಕ್ಕ ದೋಣಿ, ಎದುರಿಗೆ ದಂಡೆ. ಪ್ಲಾಸ್ಟರಿನ ಮಗುವಿಗೆ ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಯೋಗ್ಯವಾದ ಜಲಯಾನವಿಲ್ಲ. ಸೊಸೆ ತಾನಾಗಿ ಮೊದಲು ಹತ್ತಿ ಕುಳಿತು ಮಗನಿಗೆ ಕೈ ನೀಡಿದಳು. ಮೂರು ಸುತ್ತು ಹಾಕಿದರು. ರಾತ್ರಿ ಸಂಗೀತ ಕಾರಂಜಿ ನೋಡುವಾಗ ತುಂತುರು ಬೀಳುವ ಕಡೆ ಕೂಡದೆ ಹಿಂದೆ ಕುಳಿತೆವು. ಹಡಗಾಗಲಿ ಕಾರಂಜಿಯಾಗಲಿ, ತೊಯ್ಯುವ ಭಯ ಒಂದೇ. ಮಲಗುವ ಮುನ್ನ ಕೈಯ ಕೆಳಗೆ ಎರಡು ದಿಂಬಿಟ್ಟು ಎದೆಯ ಮಟ್ಟಕ್ಕಿಂತ ಮೇಲಿರುವಂತೆ ಮಾಡಿ, ಬೆರಳುಗಳ ಬಣ್ಣ ನೋಡಿ, ಉಗುರು ಒತ್ತಿ ರಕ್ತ ಮರಳುವುದನ್ನು ನೋಡಿದೆವು. ದಿನವೆಲ್ಲ ತಿರುಗಾಡಿದ ಮೇಲೆ ಇದನ್ನು ತಪ್ಪಿಸಬಾರದು.

ಬೆಳಗ್ಗೆ ಲಿಂಗಪೂಜೆಗೆ ಕೂಡುವಾಗ ಹೊಸ ತೊಡಕು. ಎಡ ಅಂಗೈಯಲ್ಲಿ ಇಷ್ಟಲಿಂಗ, ಬಲಗೈಯಿಂದ ಪೂಜೆ. ಬಲಗೈ ಮೊಳಕೈಯಲ್ಲಿ ಬಾಗಿ ನಿಂತಿದೆ. ಬೆರಳುಗಳು ಹೊರಗಿದ್ದವಲ್ಲ; ಎಡ ಅಂಗೈಯನ್ನೇ ಆ ಬೆರಳುಗಳ ಬಳಿಗೆ ತಂದು ಹುಡುಗ ಪತ್ರೆ ಏರಿಸಿದ. ಯಾರೂ ಹೇಳಿಕೊಟ್ಟಿರಲಿಲ್ಲ.

ಕೂಡಲಸಂಗಮಕ್ಕೆ ಹೋಗುವಾಗ ಮಧ್ಯಾಹ್ನ. ಮಲಪ್ರಭೆ ಕೃಷ್ಣೆಯನ್ನು ಸೇರುವ ಈ ಸ್ಥಳಕ್ಕೆ ಎಂದು ಬಂದರೂ ಹೊಸದು. ನಾರಾಯಣಪುರದ ಬಸವಸಾಗರ ಅಣೆಕಟ್ಟು 1982ರಲ್ಲಿ ಪೂರ್ಣಗೊಂಡ ಮೇಲೆ ಇಲ್ಲಿಯೂ ಹಿನ್ನೀರು ನಿಂತಿತು. ಬಸವಣ್ಣನವರ ಐಕ್ಯಮಂಟಪವನ್ನು ನೀರಿನ ನಡುವೆ ಬಾವಿಯಂತೆ ಗೋಡೆ ಕಟ್ಟಿ ಉಳಿಸಿಕೊಂಡಿದ್ದಾರೆ. ಮೆಟ್ಟಿಲಿಳಿದು ಕೆಳಗೆ ಹೋಗುವಾಗ ಸುತ್ತಲೂ ನೀರು, ನಡುವೆ ನೀವು. ಸೊಸೆ ಅಲ್ಲಿ ಬಹಳ ಹೊತ್ತು ನಿಂತಳು. ಒಂದು ಮಂಟಪವನ್ನು ಉಳಿಸಲು ಇಷ್ಟು ಮಾಡಿದ್ದಾರಲ್ಲ ಎಂದಷ್ಟೇ ಹೇಳಿದಳು. ಅದರಲ್ಲಿ ಭಕ್ತಿಯೆಷ್ಟು, ತವರಿನ ನೆನಪೆಷ್ಟು ಎಂದು ನಾನು ಕೇಳಲಿಲ್ಲ.

ಹೊರಗೆ ಬಂದಾಗ ಗಾಳಿ ಎದ್ದಿತ್ತು. ಮಲಪ್ರಭೆಯ ಕಡೆಯಿಂದ ಮೋಡ ಕವಿದು, ಸಂಗಮದ ಅಗಲ ನೀರಿನಲ್ಲಿ ತೆರೆಗಳು ಬಿಳಿ ಹಲ್ಲು ತೋರುತ್ತಿದ್ದವು. ಆಚೆಯ ದಂಡೆಗೆ ಹೋಗುವ ದೋಣಿ ದಡದಲ್ಲಿ ಕುಣಿಯುತ್ತಿತ್ತು. ಹುಡುಗನಿಗೆ ಕೊಟ್ಟ ಮಾತಿನಲ್ಲಿ ಸಂಗಮದ ದೋಣಿಯೂ ಸೇರಿತ್ತು. ಎರಡು ದಿನಗಳಿಂದ ಅವನು ಎಣಿಸುತ್ತಿದ್ದುದೂ ಇದನ್ನೇ. ಮಗ ಹೋಗೋಣವೆಂದ. ದೋಣಿಯವರೂ ಒಲ್ಲೆನ್ನಲಿಲ್ಲ. ಸೊಸೆ ನನ್ನ ಮುಖ ನೋಡಿದಳು. ತೆರೆಗೆ ದೋಣಿ ವಾಲಿದಾಗ ಎಲ್ಲರೂ ಎರಡು ಕೈಯಿಂದ ಅಂಚು ಹಿಡಿಯುತ್ತಾರೆ. ಇವನು ಏನನ್ನು ಹಿಡಿಯಬೇಕು? ಬೇಡವೆಂದೆ. ಹುಡುಗ ಅತ್ತ. ಅಳು ನಿಂತ ಮೇಲೂ ನನ್ನೊಡನೆ ಮಾತು ಬಿಟ್ಟ. ಕೊಟ್ಟ ಮಾತು ಮಕ್ಕಳಿಗೆ ಹಿರಿಯರ ಮೇಲಿರುವ ಸಾಲ. ತೀರಿಸದೆ ಮುಂದೂಡಿದಾಗ ಅವರು ಸಿಟ್ಟಾಗುವುದು ನ್ಯಾಯವೇ. ಎಲ್ಲರೂ ನೀರಿಗಿಳಿದು ಮಿಂದರು. ಅವನನ್ನು ಮೇಲಿನ ಮೆಟ್ಟಿಲಲ್ಲಿ ಕೂಡಿಸಿ, ಅವನ ಅಜ್ಜಿ ಬೊಗಸೆಯಲ್ಲಿ ನೀರು ತಂದು ನೆತ್ತಿಗೆ ಮಾತ್ರ ಮುಟ್ಟಿಸಿದರು. ದಾಸೋಹದ ಪಂಕ್ತಿಯಲ್ಲಿ ಎಡಗೈಯಿಂದ ಉಣ್ಣಲು ನಾಚಿ ಕುಳಿತಿದ್ದಾಗ ಎದುರು ಸಾಲಿನ ಮುದುಕಿಯೊಬ್ಬಳು, “ಉಣ್ಣೋ ತಮ್ಮಾ, ಹಸಿವಿಗೆ ಬಲಗೈ ಎಡಗೈ ಗೊತ್ತಿಲ್ಲ” ಎಂದಳು. ಎರಡು ಸಲ ಹುಗ್ಗಿ ನೀಡಿಸಿಕೊಂಡ.

ಮರಳುವ ದಾರಿ ಬಾಗಲಕೋಟೆ, ಲೋಕಾಪುರ, ಮುಧೋಳ. ರನ್ನ ಕವಿಯ ಮುಧೋಳದಲ್ಲಿ ಘಟಪ್ರಭೆಯ ಸೇತುವೆಯ ಮೇಲೆ ಕಾರು ನಿಧಾನಿಸಿತು. 2019ರ ಆಗಸ್ಟಿನಲ್ಲಿ ಊರೂರನ್ನೇ ನುಂಗಿದ ಈ ಹೊಳೆ ಆ ಸಂಜೆ ಏನೂ ಅರಿಯದ ಕೂಸಿನಂತೆ ಹರಿಯುತ್ತಿತ್ತು. ಮಹಾಲಿಂಗಪುರದಲ್ಲಿ ಬೆಲ್ಲ ಕೊಂಡೆವು. ಬೆಲ್ಲದ ಚೂರು ಬಾಯಿಗೆ ಬಿದ್ದ ಮೇಲೆ ಮೊಮ್ಮಗ ನನ್ನೊಡನೆ ಮತ್ತೆ ಮಾತಾಡಿದ. ಕೇಳಿದ್ದು ಮತ್ತೆ ಹಡಗಿನದೇ ಮಾತು.

ನವೆಂಬರ್ ಎರಡನೆಯ ವಾರ ಪ್ಲಾಸ್ಟರ್ ಬಿಚ್ಚಿದರು. ಗರಗಸದ ಸದ್ದಿಗೆ ಹುಡುಗ ಬೆದರಿದಾಗ ಡಾಕ್ಟರರು ಅದನ್ನು ತಮ್ಮ ಅಂಗೈಗೆ ಮುಟ್ಟಿಸಿ ತೋರಿಸಿದರು. ಅದರ ಅಲಗು ಸುತ್ತುವುದಿಲ್ಲ, ಬರಿದೆ ಅದುರುತ್ತದೆ, ಗಟ್ಟಿಯಾದದ್ದನ್ನು ಕೊಯ್ಯುತ್ತದೆ, ಮೆತ್ತನೆಯ ಚರ್ಮವನ್ನಲ್ಲ. ಒಳಗಿನ ಕೈ ಸೊರಗಿ, ಚರ್ಮ ಹೊಪ್ಪಳಿಕೆಯೆದ್ದು, ಮಣಿಕಟ್ಟು ಬಿಗಿದಿತ್ತು. ಬೆಚ್ಚನೆಯ ನೀರಿನಲ್ಲಿ ಕೈಯಿಟ್ಟು ಮೆಲ್ಲನೆ ಆಡಿಸಬೇಕು, ಇನ್ನೂ ಕೆಲವು ವಾರ ಸೈಕಲ್ಲು ಮುಟ್ಟಬಾರದು ಎಂದರು. ಬಿಚ್ಚಿದ ಪ್ಲಾಸ್ಟರಿನ ಹೋಳುಗಳನ್ನು ಅವನು ಬಿಡದೆ ಮನೆಗೆ ತಂದ. ಅದರ ಮೇಲೆ ರಬಕವಿ, ಆಲಮಟ್ಟಿ ಎಂದು ಎರಡೇ ಹೆಸರಿದ್ದವು. ಸಂಗಮವನ್ನೇಕೆ ಬರೆಯಲಿಲ್ಲವೆಂದು ಅವನ ಅಜ್ಜಿ ಕೇಳಿದರು. “ಅಲ್ಲಿ ದೋಣಿ ಹತ್ತಿಲ್ಲಲ್ಲ, ಆಯಿ” ಎಂದ.